ಲಿಂಗೈಕ್ಯ ಶ್ರೀ ಎಸ್. ಆರ್. ಬೊಮ್ಮಾಯಿಯವರು

ಅಧಿಕಾರವನ್ನು ಪಡೆದುದರಿಂದ ಪ್ರಸಿದ್ಧರಾದವರು ಲೋಕದಲ್ಲಿ ಅನೇಕರುಂಟು. ಅಧಿಕಾರವನ್ನು ಕಳೆದುಕೊಂಡುದರಿಂದಲೇ ದೇಶದ ನ್ಯಾಯಗ್ರಂಥಗಳಲ್ಲಿ ಸ್ಥಿರವಾದ ಹೆಸರನ್ನು ಪಡೆದವರು ವಿರಳ. ಅಂತಹ ವಿರಳರಲ್ಲಿ ಲಿಂಗೈಕ್ಯ ಶ್ರೀ ಸೋಮಪ್ಪ ರಾಯಪ್ಪ ಬೊಮ್ಮಾಯಿಯವರು ಒಬ್ಬರು. ಅವರು ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದುದು ಎಂಟು ತಿಂಗಳ ಕಾಲ ಮಾತ್ರ. ಆ ಎಂಟು ತಿಂಗಳುಗಳಲ್ಲಿ ಅವರ ಮಂತ್ರಿಮಂಡಲವು ಮಾಡಿದ ಕೆಲಸಗಳನ್ನು ಇಂದು ನೆನೆಯುವವರು ಸ್ವಲ್ಪ ಮಂದಿ. ಆದರೆ ಯಾವುದೊಂದು ರಾಜ್ಯದಲ್ಲಿ ಮಂತ್ರಿಮಂಡಲಕ್ಕೆ ಬಹುಮತವುಂಟೋ ಇಲ್ಲವೋ ಎಂಬ ಸಂಶಯವು ತಲೆದೋರಿದರೂ, ವಕೀಲರ ಬಾಯಲ್ಲಿ ಮೊದಲು ಬರುವ ಹೆಸರು ಬೊಮ್ಮಾಯಿಯವರದೇ ಆಗಿದೆ. ಇದು ಹೇಗೆ ಸಂಭವಿಸಿತೆಂಬುದೇ ಅವರ ಜೀವನಚರಿತ್ರೆಯ ಸಾರವಾಗಿರುವುದು.

ಶ್ರೀಯುತರು 1924ನೆಯ ಇಸವಿ ಜೂನ್ 6ರಂದು ಅಂದಿನ ಧಾರವಾಡ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಕಾರಡಗಿ ಗ್ರಾಮದಲ್ಲಿ ಲಿಂಗಾಯತ ಮನೆತನದಲ್ಲಿ ಜನಿಸಿದರು. ಆ ಸೀಮೆಯು ಈಗ ಹಾವೇರಿ ಜಿಲ್ಲೆಗೆ ಸೇರಿರುವುದು. ಅಂದು ಕನ್ನಡ ನಾಡು ಹಲವು ಆಳ್ವಿಕೆಗಳ ನಡುವೆ ಹರಿದು ಹಂಚಿಹೋಗಿತ್ತು. ಕಾರಡಗಿಯು ಮುಂಬಯಿ ಆಧಿಪತ್ಯಕ್ಕೆ ಒಳಪಟ್ಟಿತ್ತು; ಕಾಡಂಚಿನ ಅಂತರಸಂತೆಯೂ ಅದನ್ನೊಳಗೊಂಡ ಹೆಗ್ಗಡದೇವನಕೋಟೆಯ ಸೀಮೆಯೂ ಮೈಸೂರು ಅರಸರ ಛತ್ರಛಾಯೆಯಲ್ಲಿದ್ದುವು. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. 1907ರಲ್ಲಿ ನ್ಯಾಯವಿಧೇಯಕ ಸಭೆಯೂ ಏರ್ಪಟ್ಟಿತು. ಈ ಸಭೆಗಳಲ್ಲಿ ರೈತರ ಕಷ್ಟಗಳನ್ನು ಬಿನ್ನವಿಸಿಕೊಳ್ಳಲು ಅವಕಾಶವಿತ್ತು. ಆದರೆ ಸಭೆಗೆ ಬೇಡವಾದ ದಿವಾನರನ್ನು ಮತಕೊಟ್ಟು ಇಳಿಸುವ ಅಧಿಕಾರವು ಮಾತ್ರ ಇರಲಿಲ್ಲ. ದಿವಾನರು ಅರಸರಿಗೆ ಹೊಣೆಗಾರರೇ ಹೊರತು ಸಭೆಗಲ್ಲ. ಈ ಹೊಣೆಯು ಸಭೆಯ ಕಡೆಗೆ ತಿರುಗಬೇಕೆಂದೇ 1947ರಲ್ಲಿ ಮೈಸೂರು ಚಲೋ ಚಳವಳಿಯು ನಡೆಯಿತು. ಆ ವರ್ಷದ ಅಕ್ಟೋಬರಿನಲ್ಲಿ ಶ್ರೀ ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ ಜವಾಬ್ದಾರಿ ಸರ್ಕಾರವು ಬಂದಿತು. ಸಭೆಯ ವಿಶ್ವಾಸವಿರುವವರೆಗೆ ಮಾತ್ರ ಮಂತ್ರಿಗಳು ಎಂಬ ತತ್ತ್ವವು ಹೀಗೆ ಪ್ರಜೆಗಳು ಕಷ್ಟಪಟ್ಟು ಗಳಿಸಿಕೊಂಡ ಸೊತ್ತು.

ಬೊಮ್ಮಾಯಿಯವರು ನ್ಯಾಯಶಾಸ್ತ್ರವನ್ನು ಓದಿ ಹುಬ್ಬಳ್ಳಿಯಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಯೌವನದಲ್ಲಿ ಅವರ ಮನಸ್ಸನ್ನು ಸೆಳೆದವರು ಶ್ರೀ ಎಂ. ಎನ್. ರಾಯ್‌ರವರು. ಮಾನವನ ವಿಚಾರಶಕ್ತಿಗೂ ಸ್ವಾತಂತ್ರ್ಯಕ್ಕೂ ಮೊದಲ ಸ್ಥಾನವನ್ನು ಕೊಡುವ ರಾಯ್‌ರವರ ಮಾನವತಾವಾದವು ಬೊಮ್ಮಾಯಿಯವರಲ್ಲಿ ಬೇರೂರಿತು. ಹುಟ್ಟಿನಿಂದಲ್ಲ, ನಡತೆಯಿಂದ ಮನುಷ್ಯನನ್ನು ಅಳೆಯಬೇಕೆಂಬ ಶರಣರ ಬೋಧೆಯನ್ನು ಬಲ್ಲ ಮನೆತನದವರಿಗೆ ಈ ವಿಚಾರವು ಹೊರಗಿನದಾಗಿ ತೋರುವಂತಿರಲಿಲ್ಲ. ಕನ್ನಡ ನಾಡುಗಳನ್ನು ಒಂದುಗೂಡಿಸುವ ಏಕೀಕರಣದ ಕಾರ್ಯದಲ್ಲಿಯೂ ಅವರು ಶ್ರಮಿಸಿದರು. 1956ನೆಯ ನವೆಂಬರ್ 1ರಂದು ಮುಂಬಯಿ ಕರ್ನಾಟಕವೂ ಹಳೆಯ ಮೈಸೂರೂ ಒಂದೇ ರಾಜ್ಯವಾದುವು. ಕಾರಡಗಿಯ ಮಗನು ಅಂತರಸಂತೆಯ ಪ್ರಜೆಗಳಿಗೂ ಮುಖ್ಯಮಂತ್ರಿಯಾಗಲು ದಾರಿಯಾಯಿತು.

ಮುಂದೆ ಅವರು ಶಾಸನಸಭೆಯನ್ನು ಪ್ರವೇಶಿಸಿ, ಹುಬ್ಬಳ್ಳಿ ಗ್ರಾಮಾಂತರ ಕ್ಷೇತ್ರದ ಪ್ರತಿನಿಧಿಗಳಾಗಿಯೂ, ಜನತಾ ಪಕ್ಷದ ಮುಖಂಡರಾಗಿಯೂ, ವಿರೋಧ ಪಕ್ಷದ ನಾಯಕರಾಗಿಯೂ ಸೇವೆ ಸಲ್ಲಿಸಿದರು. 1983ರಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರು ರಚಿಸಿದ ಸರ್ಕಾರದಲ್ಲಿ ಮಂತ್ರಿಗಳಾದರು. 1985ರ ಚುನಾವಣೆಯಲ್ಲಿ 224 ಸ್ಥಾನಗಳ ಸಭೆಯಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನಗಳು ದೊರೆತುವು. 1988ರ ಆಗಸ್ಟಿನಲ್ಲಿ ಹೆಗಡೆಯವರು ರಾಜೀನಾಮೆಯನ್ನು ಕೊಟ್ಟ ಮೇಲೆ, ಆ ತಿಂಗಳ 13ರಂದು ಬೊಮ್ಮಾಯಿಯವರು ಮುಖ್ಯಮಂತ್ರಿ ಪದವಿಯನ್ನು ವಹಿಸಿಕೊಂಡರು.

ಇಲ್ಲಿ ರಾಜ್ಯಾಂಗದ ಏರ್ಪಾಡನ್ನು ಸ್ವಲ್ಪ ತಿಳಿಯುವುದು ಅವಶ್ಯಕ. ರಾಜ್ಯಾಂಗದ 164ನೆಯ ವಿಧಿಯಂತೆ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುವುದು. ಸಭೆಯು ಅವಿಶ್ವಾಸ ನಿರ್ಣಯವನ್ನು ಅಂಗೀಕರಿಸಿದರೆ ಮಂತ್ರಿಗಳು ಇಳಿಯಲೇಬೇಕು. 212ನೆಯ ವಿಧಿಯಂತೆ, ಸಭೆಯ ನಡವಳಿಕೆಯಲ್ಲಿ ಕ್ರಮಲೋಪವಾಯಿತೆಂದು ಹೇಳಿ ನ್ಯಾಯಾಲಯಗಳು ಅದರ ಕಾರ್ಯವನ್ನು ವಿಚಾರಿಸುವಂತಿಲ್ಲ. ಸಂಸತ್ತಿನ ವಿಷಯದಲ್ಲಿ 122ನೆಯ ವಿಧಿಯು ಇದನ್ನೇ ವಿಧಿಸುವುದು. ಹೀಗೆ ಸಭೆಗೂ ನ್ಯಾಯಾಲಯಕ್ಕೂ ನಡುವೆ ಒಂದು ಗಡಿಯು ಹಾಕಲ್ಪಟ್ಟಿದೆ. ಆದರೆ 356ನೆಯ ವಿಧಿಯೆಂಬುದು ಬೇರೆ. ರಾಜ್ಯದ ಆಡಳಿತವು ರಾಜ್ಯಾಂಗಕ್ಕನುಸಾರವಾಗಿ ನಡೆಯಲಾರದೆಂದು ರಾಷ್ಟ್ರಪತಿಗಳಿಗೆ ಮನವರಿಕೆಯಾದರೆ, ಘೋಷಣೆಯೊಂದರಿಂದ ರಾಜ್ಯದ ಸರ್ಕಾರವನ್ನು ತೆಗೆಯಬಹುದು. ಮಹಾವಿಪತ್ತಿಗೆಂದು ಇಟ್ಟ ಈ ಅಸ್ತ್ರವು ಅಪರೂಪವಾಗಿ ಮಾತ್ರ ಬಳಕೆಗೆ ಬರಬೇಕಾಗಿತ್ತು. ಆದರೆ 1950ರಿಂದ 1994ರವರೆಗೆ ಅದು 90ಕ್ಕೂ ಹೆಚ್ಚು ಸಲ ಪ್ರಯೋಗಿಸಲ್ಪಟ್ಟಿತು.

ಈ ದೋಷವು ಯಾವುದೊಂದು ಪಕ್ಷಕ್ಕೆ ಮಾತ್ರ ಸೇರಿದುದಲ್ಲವೆಂಬುದಕ್ಕೆ ಅಂತರಸಂತೆಯ ನೆರೆಯ ಹುಣಸೂರು ಸೀಮೆಯೇ ಸಾಕ್ಷಿ. ಹುಣಸೂರಿನ ಕಲ್ಲಹಳ್ಳಿಯವರಾದ ಶ್ರೀ ಡಿ. ದೇವರಾಜ ಅರಸರ ಸರ್ಕಾರವನ್ನು 1977ನೆಯ ಡಿಸೆಂಬರ್ 31ರಂದು ಇದೇ 356ನೆಯ ವಿಧಿಯಿಂದ ತೆಗೆಯಲಾಯಿತು. ವಿಧಾನಸಭೆಯಲ್ಲಿ ಬಲಾಬಲವನ್ನು ತೋರಿಸಲು ಅವರಿಗೆ ಎಡೆಯೇ ದೊರೆಯಲಿಲ್ಲ. ಆಗ ಕೇಂದ್ರದಲ್ಲಿದ್ದುದು ಬೊಮ್ಮಾಯಿಯವರು ಸೇರಿದ್ದ ಜನತಾ ಪಕ್ಷದ ಸರ್ಕಾರ. 1978ರ ಚುನಾವಣೆಯಲ್ಲಿ ಪ್ರಜೆಗಳು ಅರಸರನ್ನು ಮತ್ತೆ ಆರಿಸಿ ಕಳುಹಿಸಿದರು. ತನ್ನ ಪಕ್ಷದ ಕೈಯಲ್ಲಿದ್ದಾಗ ಅನುಕೂಲವಾಗಿ ತೋರಿದ ಆಯುಧವೇ ಹನ್ನೊಂದು ವರ್ಷಗಳ ತರುವಾಯ ತಮ್ಮ ಮೇಲೆ ಬೀಳುವುದೆಂದು ಆ ಪಕ್ಷದವರು ಅಂದು ಎಣಿಸಿರಲಾರರು.

1988ರ ಸೆಪ್ಟೆಂಬರಿನಲ್ಲಿ ಜನತಾ ಪಕ್ಷವೂ ಲೋಕದಳವೂ ಸೇರಿ ಜನತಾದಳವೆಂಬ ಹೊಸ ಪಕ್ಷವಾದುವು. 1989ರ ಏಪ್ರಿಲ್ 15ರಂದು ಬೊಮ್ಮಾಯಿಯವರು ಇನ್ನೂ 13 ಮಂದಿಯನ್ನು ಮಂತ್ರಿಮಂಡಲಕ್ಕೆ ಸೇರಿಸಿಕೊಂಡರು. ಸ್ಥಾನ ದೊರೆಯದವರ ಅಸಮಾಧಾನವು ಇಂತಹ ಸಮಯದಲ್ಲಿ ಸಹಜವಾದುದೇ. ಎರಡು ದಿನಗಳೊಳಗಾಗಿ ಶಾಸಕರೊಬ್ಬರು ಪಕ್ಷವನ್ನು ತ್ಯಜಿಸಿ, ಸರ್ಕಾರಕ್ಕೆ ಬೆಂಬಲವನ್ನು ಹಿಂತೆಗೆದುಕೊಂಡಿರುವುದಾಗಿ ತಿಳಿಸುವ 19 ಪತ್ರಗಳನ್ನು ರಾಜ್ಯಪಾಲರಾದ ಶ್ರೀ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. ರಾಜ್ಯಪಾಲರು ಸಹಿಗಳು ನಿಜವೇ ಎಂಬುದನ್ನು ಶಾಸನಸಭೆಯ ಕಚೇರಿಯಿಂದ ತಿಳಿದುಕೊಂಡು, ಮುಖ್ಯಮಂತ್ರಿಗಳಿಗೆ ಬಹುಮತವಿಲ್ಲವೆಂದು ಏಪ್ರಿಲ್ 19ರಂದು ರಾಷ್ಟ್ರಪತಿಗಳಿಗೆ ವರದಿ ಮಾಡಿದರು. ಮರುದಿನವೇ ಆ 19 ಮಂದಿಯಲ್ಲಿ 7 ಮಂದಿ, ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಯಿತೆಂದೂ, ತಾವು ಸರ್ಕಾರದ ಕಡೆಗೇ ಇರುವುದಾಗಿಯೂ ಬರೆದು ಕಳುಹಿಸಿದರು. ಅದೇ ದಿನ ಬೊಮ್ಮಾಯಿಯವರು ನ್ಯಾಯಾಂಗದ ಮಂತ್ರಿಗಳೊಡನೆ ರಾಜ್ಯಪಾಲರನ್ನು ಕಂಡು, ವಿಧಾನಸಭೆಯನ್ನು ಕರೆಯಲು ನಿಶ್ಚಯಿಸಿರುವುದನ್ನೂ, ಬೇಕಾದರೆ ಅಧಿವೇಶನವನ್ನು ಇನ್ನೂ ಮುಂಚಿತವಾಗಿಯೇ ನಡೆಸಲು ಸಿದ್ಧರಿರುವುದನ್ನೂ ಅರುಹಿದರು. ರಾಷ್ಟ್ರಪತಿಗಳಿಗೂ ತಂತಿಯ ಮೂಲಕ ತಿಳಿಸಿದರು. ರಾಜ್ಯಪಾಲರು ಅದಕ್ಕೆ ಕಿವಿಗೊಡದೆ, ಆ ಏಳು ಪತ್ರಗಳು ಒತ್ತಾಯದ ಫಲವೆಂದು ಬಗೆದು ಎರಡನೆಯ ವರದಿಯನ್ನು ಕಳುಹಿಸಿದರು. ಏಪ್ರಿಲ್ 21ರಂದು ರಾಷ್ಟ್ರಪತಿ ಶ್ರೀ ಆರ್. ವೆಂಕಟರಾಮನ್‌ರವರ ಘೋಷಣೆಯಾಗಿ, ಸರ್ಕಾರವು ಹೋಯಿತು, ವಿಧಾನಸಭೆಯೂ ವಿಸರ್ಜಿತವಾಯಿತು. ತರುವಾಯ ಸಂಸತ್ತಿನ ಉಭಯ ಸಭೆಗಳೂ ಆ ಘೋಷಣೆಗೆ ಸಮ್ಮತಿಯನ್ನು ಕೊಟ್ಟುವು.

ಇದರಲ್ಲಿ ಅನ್ಯಾಯವು ಯಾವುದೆಂಬುದನ್ನು ಹಳ್ಳಿಯ ರೈತನೂ ಬಲ್ಲನು. ಹೆಸರಿನಲ್ಲಿಯೇ ಸಂತೆಯನ್ನು ಹೊತ್ತಿರುವ ಅಂತರಸಂತೆಯ ಕಡೆಯವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ರಾಶಿಯ ರಾಗಿ ಎಷ್ಟೆಂಬ ವಿಷಯದಲ್ಲಿ ಇಬ್ಬರಿಗೆ ವ್ಯಾಜ್ಯ ಬಂದರೆ, ಮೂರನೆಯವನೊಬ್ಬನು ಮನೆಯೊಳಗೆ ಕುಳಿತು ಇಷ್ಟು ಖಂಡುಗವೆಂದು ತೀರ್ಮಾನಿಸುವುದಿಲ್ಲ. ನಾಲ್ಕು ಜನರ ಕಣ್ಣೆದುರಿಗೆ ಕೊಳಗವನ್ನಿಟ್ಟು ಅಳೆಯುತ್ತಾರೆ. ಅಳತೆಯಲ್ಲಿ ಕಡಮೆ ಬಂದರೆ ಸೋತವನು ತಲೆಬಾಗುತ್ತಾನೆ. ಬೊಮ್ಮಾಯಿಯವರ ಬಹುಮತವು ಉಳಿದಿತ್ತೋ ಇಲ್ಲವೋ ಎಂಬುದು ಇಂದಿಗೂ ನಿಶ್ಚಯವಾಗಿ ಹೇಳಲಾಗದ ವಿಷಯ. ಏಕೆಂದರೆ ಅಳೆಯುವ ಮೊದಲೇ ಕೊಳಗವನ್ನು ಒಡೆದುಹಾಕಲಾಯಿತು. ಅವರು ಬೇಡಿದುದು ಗೆಲವನ್ನಲ್ಲ, ಅಳತೆಯನ್ನು.

ಪದವಿಯನ್ನು ಕಳೆದುಕೊಂಡವರು ಸಾಮಾನ್ಯವಾಗಿ ಬೀದಿಗಿಳಿದು ಮುಂದಿನ ಚುನಾವಣೆಯನ್ನು ಎದುರು ನೋಡುತ್ತಾರೆ. ಬೊಮ್ಮಾಯಿಯವರು ಹಿಡಿದ ದಾರಿಯು ವಕೀಲರಾದವರಿಗೆ ತಕ್ಕದಾಗಿದ್ದಿತು. ಘೋಷಣೆಯಾದ ಐದು ದಿನಗಳೊಳಗಾಗಿ, ಏಪ್ರಿಲ್ 26ರಂದು, ಅವರೂ ಅವರ ಕೆಲವು ಮಂದಿ ಸಹೋದ್ಯೋಗಿಗಳೂ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಅರ್ಜಿಯನ್ನು ಹಾಕಿದರು. ಆಗಿನ ಕಾಲಕ್ಕೆ ಇದು ದುಸ್ಸಾಹಸವಾಗಿ ತೋರಿರಬೇಕು. 1977ರಲ್ಲಿ ರಾಜಸ್ಥಾನದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ಘೋಷಣೆಗಳ ವಿಷಯದಲ್ಲಿ ನ್ಯಾಯಾಲಯಗಳು ಕೈಹಾಕಲು ಅವಕಾಶವು ಅತ್ಯಲ್ಪವೆಂಬ ಅಭಿಪ್ರಾಯವನ್ನು ಕೊಟ್ಟಿತ್ತು. ಅದನ್ನವಲಂಬಿಸಿದ ಉಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠವು ಸಭೆಯಲ್ಲಿ ಬಲಪರೀಕ್ಷೆ ನಡೆಯಲೇಬೇಕೆಂಬ ಕಡ್ಡಾಯವಿಲ್ಲವೆಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು. ಬೊಮ್ಮಾಯಿಯವರು ಅಷ್ಟಕ್ಕೆ ಸುಮ್ಮನಾಗದೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು.

ಈ ನಡುವೆ ಕಾಲವು ನಿಲ್ಲಲಿಲ್ಲ. 1989ರ ನವೆಂಬರಿನಲ್ಲಿ ಚುನಾವಣೆಯಾಗಿ, ಕಾಂಗ್ರೆಸ್ ಪಕ್ಷವು ಬಹುಮತವನ್ನು ಪಡೆದು ಶ್ರೀ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾದರು. ಮೊಕದ್ದಮೆಯನ್ನು ಗೆದ್ದರೂ ಬೊಮ್ಮಾಯಿಯವರಿಗೆ ಹಳೆಯ ಪದವಿಯು ಮರಳಿ ಬರುವ ಸಂಭವವು ಅಂದಿನಿಂದ ಇಲ್ಲವಾಯಿತು. ಆದರೂ ಅವರು ಅರ್ಜಿಯನ್ನು ಹಿಂತೆಗೆದುಕೊಳ್ಳಲಿಲ್ಲ. ಫಲವು ತನಗಿಲ್ಲವೆಂದು ತಿಳಿದ ಮೇಲೆಯೂ ಕಾಯಕವನ್ನು ಬಿಡದಿರುವುದು ಶರಣಪಥದಲ್ಲಿ ನಡೆಯುವವರಿಗೆ ಅಪರಿಚಿತವಾದ ಗುಣವಲ್ಲ. ನಾಗಾಲ್ಯಾಂಡ್, ಮೇಘಾಲಯ, ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಇಂತಹವೇ ಮೊಕದ್ದಮೆಗಳು ಇದರೊಡನೆ ಸೇರಿ, ಒಂಬತ್ತು ಮಂದಿ ನ್ಯಾಯಾಧೀಶರ ಮಹಾಪೀಠದ ಮುಂದೆ ವಿಚಾರಣೆಗೆ ಬಂದುವು.

1994ನೆಯ ಮಾರ್ಚ್ 11ರಂದು ತೀರ್ಪು ಹೊರಬಿದ್ದಿತು. ಒಂಬತ್ತು ಮಂದಿ ಆರು ಪ್ರತ್ಯೇಕ ತೀರ್ಪುಗಳನ್ನು ಬರೆದರು. ಎಲ್ಲ ಅಂಶಗಳಲ್ಲಿಯೂ ಅವರು ಏಕಾಭಿಪ್ರಾಯರಾಗಿರಲಿಲ್ಲ. ಆದರೆ ಐವರ ಬಹುಮತದಿಂದ ಕರ್ನಾಟಕದ 1989ರ ಘೋಷಣೆಯು ರಾಜ್ಯಾಂಗಕ್ಕೆ ವಿರುದ್ಧವಾದುದೆಂದು ನಿರ್ಣಯವಾಯಿತು. ನಾಗಾಲ್ಯಾಂಡ್, ಮೇಘಾಲಯಗಳ ಘೋಷಣೆಗಳಿಗೂ ಅದೇ ಗತಿಯಾಯಿತು. ಅಯೋಧ್ಯೆಯ ಘಟನೆಯ ತರುವಾಯ 1992ರ ಡಿಸೆಂಬರಿನಲ್ಲಿ ಉಳಿದ ಮೂರು ರಾಜ್ಯಗಳಲ್ಲಿ ಆದ ಘೋಷಣೆಗಳನ್ನು ಮಾತ್ರ, ಮತನಿರಪೇಕ್ಷತೆಯು ರಾಜ್ಯಾಂಗದ ಮೂಲ ಲಕ್ಷಣವೆಂಬ ಕಾರಣದಿಂದ, ಎತ್ತಿಹಿಡಿಯಲಾಯಿತು.

ತೀರ್ಪಿನ ತಿರುಳು ಹೀಗಿದೆ. ಮಂತ್ರಿಮಂಡಲಕ್ಕೆ ಬಹುಮತವುಂಟೇ ಎಂಬುದನ್ನು ತಿಳಿಯುವ ಸ್ಥಳವು ರಾಜಭವನವಲ್ಲ, ವಿಧಾನಸಭೆಯ ಅಂಗಳ. ರಾಜ್ಯಪಾಲರ ಸ್ವಂತ ಎಣಿಕೆಗೆ ಅಲ್ಲಿ ಸ್ಥಾನವಿಲ್ಲ. ಹಿಂಸೆಯು ಎಲ್ಲೆಡೆ ಹಬ್ಬಿ ಸದಸ್ಯರು ನಿರ್ಭಯದಿಂದ ಮತ ಕೊಡಲಾರದ ಅಸಾಧಾರಣ ಸ್ಥಿತಿಯೊಂದನ್ನು ಬಿಟ್ಟರೆ, ಸಭೆಯ ಪರೀಕ್ಷೆಯೇ ನಿಯಮ. ರಾಷ್ಟ್ರಪತಿಗಳ ಘೋಷಣೆಯನ್ನು ನ್ಯಾಯಾಲಯವು ಪರಿಶೀಲಿಸಬಹುದು. ಮಂತ್ರಿಗಳು ಕೊಟ್ಟ ಸಲಹೆಯನ್ನು ಕೆದಕುವಂತಿಲ್ಲವಾದರೂ, ಆ ಸಲಹೆಗೆ ಆಧಾರವಾದ ಕಾಗದಪತ್ರಗಳನ್ನು ಕೇಳಬಹುದು. ಸಂಸತ್ತಿನ ಉಭಯ ಸಭೆಗಳು ಒಪ್ಪುವ ಮುನ್ನ ವಿಧಾನಸಭೆಯನ್ನು ವಿಸರ್ಜಿಸಲಾಗದು. ಘೋಷಣೆಯು ಅಸಿಂಧುವೆಂದು ಕಂಡುಬಂದರೆ, ಸಂಸತ್ತು ಒಪ್ಪಿದ್ದರೂ, ಹೋದ ಸರ್ಕಾರವನ್ನೂ ಸಭೆಯನ್ನೂ ಮತ್ತೆ ಸ್ಥಾಪಿಸುವ ಶಕ್ತಿಯು ನ್ಯಾಯಾಲಯಕ್ಕುಂಟು.

ಈ ತೀರ್ಪಿನಿಂದ ನ್ಯಾಯಾಲಯವು ಸಭೆಗಿಂತ ಮೇಲಾಯಿತೆಂದು ತಿಳಿಯುವವರುಂಟು. ವಿಚಾರಮಾಡಿದರೆ ಇದು ಸರಿಯೆನಿಸಲಾರದು. ಬೊಮ್ಮಾಯಿಯವರಿಗೆ ಬಹುಮತವಿದ್ದಿತೆಂದು ನ್ಯಾಯಾಧೀಶರು ಹೇಳಲಿಲ್ಲ, ಇರಲಿಲ್ಲವೆಂದೂ ಹೇಳಲಿಲ್ಲ. ತಲೆಗಳನ್ನು ಎಣಿಸುವ ಕೆಲಸವನ್ನು ಅವರು ತಾವು ವಹಿಸಿಕೊಳ್ಳಲಿಲ್ಲ. ಸಭೆಯ ಕೊಳಗವನ್ನು ಸಭೆಗೇ ಹಿಂದಿರುಗಿಸಿ, ಅದನ್ನು ಇನ್ನೊಬ್ಬರು ಕಸಿದುಕೊಳ್ಳದಂತೆ ಕಾವಲು ನಿಂತರು. ಅಳೆಯುವುದು ಸಭೆಯ ಧರ್ಮ, ಅಳೆಯಲು ಬಿಡುವಂತೆ ಮಾಡುವುದು ನ್ಯಾಯಾಲಯದ ಧರ್ಮ. ಈ ಎರಡು ಧರ್ಮಗಳ ನಡುವಣ ಗಡಿಯನ್ನು ಗುರುತಿಸಿದುದೇ ಆ ತೀರ್ಪಿನ ಹಿರಿಮೆ.

ಬೊಮ್ಮಾಯಿಯವರಿಗೆ ಇದರಿಂದ ದೊರೆತುದೇನು? ಹೊಸ ಚುನಾವಣೆಯು ನಡೆದುಹೋಗಿದ್ದುದರಿಂದ ಅವರಿಗೆ ಯಾವ ಪರಿಹಾರವೂ ಸಲ್ಲಲಿಲ್ಲ. ಐದು ವರ್ಷಗಳ ಹೋರಾಟದ ಕೊನೆಯಲ್ಲಿ ಅವರ ಕೈಗೆ ಬಂದುದು ತಾವು ಸರಿಯಾಗಿದ್ದೆವೆಂಬ ಮಾತು ಒಂದೇ. ನಾಟಿದ ಸಸಿಯ ನೆರಳು ನೆಟ್ಟವನಿಗೆ ಒದಗಲಿಲ್ಲ. ಮುಂದಿನ ದಾರಿಹೋಕರಿಗೆ ಒದಗಿತು.

ವಿಧಿಯು ಅವರನ್ನು ಇನ್ನೊಂದು ಸಲ ಪರೀಕ್ಷಿಸಿತು. 1996ರಲ್ಲಿ ಶ್ರೀ ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಗಳಾದಾಗ, ಬೊಮ್ಮಾಯಿಯವರು ಕೇಂದ್ರದಲ್ಲಿ ವಿದ್ಯಾ ಇಲಾಖೆಯನ್ನೊಳಗೊಂಡ ಮಾನವ ಸಂಪನ್ಮೂಲ ಅಭಿವೃದ್ಧಿಯ ಮಂತ್ರಿಗಳಾದರು. 1997ನೆಯ ಏಪ್ರಿಲ್ 11ರಂದು ಲೋಕಸಭೆಯಲ್ಲಿ ಆ ಸರ್ಕಾರದ ಮೇಲಣ ವಿಶ್ವಾಸ ನಿರ್ಣಯಕ್ಕೆ ಪರವಾಗಿ 158 ಮತಗಳೂ ವಿರುದ್ಧವಾಗಿ 292 ಮತಗಳೂ ಬಿದ್ದುವು. ಸರ್ಕಾರವು ಬಿದ್ದಿತು. ಎಂಟು ವರ್ಷಗಳ ಹಿಂದೆ ಅದೇ ಏಪ್ರಿಲ್ ತಿಂಗಳಿನಲ್ಲಿ ಬೊಮ್ಮಾಯಿಯವರು ಬೇಡಿ ಪಡೆಯದೆ ಹೋದ ಬಹಿರಂಗದ ಅಳತೆಯು ಈಗ ಅವರಿದ್ದ ಸರ್ಕಾರವನ್ನೇ ಕಡಮೆಯೆಂದು ತೋರಿಸಿತು. ಯಾರೂ ನ್ಯಾಯಾಲಯದ ಬಾಗಿಲನ್ನು ತಟ್ಟಲಿಲ್ಲ. ತಟ್ಟಲು ಕಾರಣವೂ ಇರಲಿಲ್ಲ. ತರುವಾಯ ಶ್ರೀ ಐ. ಕೆ. ಗುಜ್ರಾಲರ ಸರ್ಕಾರದಲ್ಲಿಯೂ ಅವರು ಅದೇ ಇಲಾಖೆಯಲ್ಲಿ 1998ರವರೆಗೆ ಮುಂದುವರಿದರು. 1999ರ ಏಪ್ರಿಲ್ 17ರಂದು ಶ್ರೀ ಅಟಲ ಬಿಹಾರಿ ವಾಜಪೇಯಿಯವರ ಸರ್ಕಾರವು ಒಂದೇ ಮತದಿಂದ ಸೋತಾಗಲೂ ಹೀಗೆಯೇ ನಡೆಯಿತು. ಸೋಲು ಕಹಿಯಾದುದಾದರೂ, ಸಭೆಯಲ್ಲಿ ಬಂದ ಸೋಲಿನಲ್ಲಿ ಅವಮಾನವಿಲ್ಲ.

ಬೊಮ್ಮಾಯಿಯವರ ಮೊಕದ್ದಮೆಯು ನೆಟ್ಟ ದಾರಿಯಲ್ಲಿ ಮುಂದೆ ಅನೇಕರು ನಡೆದರು. 1998ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದಲ್ಲಿ ಇಬ್ಬರು ತಾವೇ ಮುಖ್ಯಮಂತ್ರಿಗಳೆಂದು ಹೇಳಿಕೊಂಡಾಗ, ಸರ್ವೋಚ್ಚ ನ್ಯಾಯಾಲಯವು ಇಬ್ಬರನ್ನೂ ಸಭೆಗೆ ಕಳುಹಿಸಿತು. 225ಕ್ಕೆ 196ರಂತೆ ಶ್ರೀ ಕಲ್ಯಾಣ ಸಿಂಗರು ಗೆದ್ದರು. ಕರ್ನಾಟಕದಲ್ಲಿಯೇ 2018ರ ಮೇ ತಿಂಗಳಿನಲ್ಲಿ, ಬಹುಮತವನ್ನು ತೋರಿಸಲು ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನಗಳ ಗಡುವನ್ನು ಸರ್ವೋಚ್ಚ ನ್ಯಾಯಾಲಯವು ಕಡಮೆಮಾಡಿ, 19ರಂದೇ ಪರೀಕ್ಷೆ ನಡೆಯಬೇಕೆಂದು ವಿಧಿಸಿತು, ಶ್ರೀ ಬಿ. ಎಸ್. ಯಡಿಯೂರಪ್ಪನವರು ಮತಕ್ಕೆ ಮುನ್ನವೇ ರಾಜೀನಾಮೆಯನ್ನಿತ್ತರು. 2019ರ ಜುಲೈ 23ರಂದು ಶ್ರೀ ಎಚ್. ಡಿ. ಕುಮಾರಸ್ವಾಮಿಯವರ ಸರ್ಕಾರವು 99ಕ್ಕೆ 105ರಂತೆ ಸಭೆಯಲ್ಲಿ ಸೋತಿತು. ಅದಕ್ಕೆ ಮುಂಚೆ, ರಾಜೀನಾಮೆಯನ್ನಿತ್ತಿದ್ದ 15 ಮಂದಿ ಶಾಸಕರನ್ನು ಸಭೆಗೆ ಬರುವಂತೆ ಬಲವಂತಪಡಿಸಕೂಡದೆಂದು ನ್ಯಾಯಾಲಯವು ಆಜ್ಞಾಪಿಸಿದ್ದಿತು. ಆಗ ನ್ಯಾಯಾಲಯವು ಗಡಿಯನ್ನು ಕಾಯುತ್ತಿದೆಯೋ ದಾಟುತ್ತಿದೆಯೋ ಎಂಬ ಚರ್ಚೆಯು ಪ್ರಾಜ್ಞರಲ್ಲಿ ಎದ್ದಿತು. ಗಡಿಯಿದ್ದಲ್ಲಿ ಇಂತಹ ಚರ್ಚೆಯು ಇದ್ದೇ ಇರುವುದು. ಅದು ಆರೋಗ್ಯದ ಲಕ್ಷಣವೇ ಹೌದು.

2023ನೆಯ ಮೇ 11ರಂದು ಮಹಾರಾಷ್ಟ್ರದ ಮೊಕದ್ದಮೆಯಲ್ಲಿ ಬಂದ ತೀರ್ಪು ಈ ಚರಿತ್ರೆಗೆ ಇನ್ನೊಂದು ಪಾಠವನ್ನು ಸೇರಿಸಿದೆ. ಅಲ್ಲಿ ಬಲಪರೀಕ್ಷೆಗೆ ಕರೆಕೊಟ್ಟ ರಾಜ್ಯಪಾಲರ ನಡೆಯು ತಪ್ಪೆಂದು ನ್ಯಾಯಾಲಯವು ಹೇಳಿದರೂ, ಮುಖ್ಯಮಂತ್ರಿಗಳಾಗಿದ್ದ ಶ್ರೀ ಉದ್ಧವ ಠಾಕ್ರೆಯವರು ಸಭೆಯನ್ನು ಎದುರಿಸದೆ ತಾವಾಗಿಯೇ ರಾಜೀನಾಮೆಯನ್ನು ಕೊಟ್ಟಿದ್ದುದರಿಂದ, ಅವರ ಸರ್ಕಾರವನ್ನು ಮತ್ತೆ ಸ್ಥಾಪಿಸಲಾಗದೆಂದು ತಿಳಿಸಿತು. ಸಭೆಯ ಮುಂದೆ ನಿಲ್ಲುವವನಿಗೆ ಮಾತ್ರ ನ್ಯಾಯಾಲಯವು ನೆರವಾಗಬಲ್ಲುದು. 1989ರಲ್ಲಿ ರಾಜೀನಾಮೆಯನ್ನು ಕೊಡದೆ ಸಭೆಯನ್ನು ಕರೆಯಿರೆಂದು ನಿಂತ ಬೊಮ್ಮಾಯಿಯವರ ನಿಲುವಿನ ಬೆಲೆಯು ಇದರಿಂದ ಇನ್ನಷ್ಟು ವ್ಯಕ್ತವಾಗುವುದು.

ಶ್ರೀಯುತರು 2007ನೆಯ ಅಕ್ಟೋಬರ್ 10ರಂದು ತಮ್ಮ 83ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅವರ ಸುಪುತ್ರರಾದ ಶ್ರೀ ಬಸವರಾಜ ಬೊಮ್ಮಾಯಿಯವರು 2021ರಿಂದ 2023ರವರೆಗೆ ತಂದೆಯವರು ಕುಳಿತಿದ್ದ ಪೀಠದಲ್ಲಿಯೇ ಮುಖ್ಯಮಂತ್ರಿಗಳಾಗಿದ್ದು, ಚುನಾವಣೆಯಲ್ಲಿ ಪ್ರಜೆಗಳ ತೀರ್ಪಿಗೆ ತಲೆಬಾಗಿ ಇಳಿದರು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವಮಂಟಪದಲ್ಲಿ ಶೂನ್ಯಸಿಂಹಾಸನದ ಮೇಲೆ ಅಲ್ಲಮಪ್ರಭುಗಳು ಕುಳಿತಿದ್ದಾಗ, ಅರಸನ ಮಂತ್ರಿಯಾದ ಬಸವಣ್ಣನವರೂ ಮಡಿವಾಳ ಮಾಚಯ್ಯನೂ ಅಂಬಿಗರ ಚೌಡಯ್ಯನೂ ಒಂದೇ ಸಭೆಯ ಮುಂದೆ ತಮ್ಮ ಅನುಭವವನ್ನು ಒರೆಗೆ ಹಚ್ಚಿದರೆಂಬುದು ಶರಣ ಪರಂಪರೆಯ ನಂಬಿಕೆ. ಅಕ್ಕಮಹಾದೇವಿಯಂತಹ ಮಹಾಚೇತನವೂ ಆ ಸಭೆಯ ಪ್ರಶ್ನೆಗಳನ್ನು ಎದುರಿಸಿದ ಮೇಲೆಯೇ ಮನ್ನಣೆಯನ್ನು ಪಡೆಯಿತು. ಹಿಂದಿನಿಂದ ಬಂದ ಪತ್ರವಲ್ಲ, ಮರೆಯಲ್ಲಿ ಆಡಿದ ಮಾತಲ್ಲ, ಸಭೆಯ ನಡುವೆ ನಿಂತು ಕೊಟ್ಟ ಉತ್ತರವೇ ಅಲ್ಲಿ ಪ್ರಮಾಣವಾಗಿದ್ದಿತು. ಆ ಪರಂಪರೆಯಲ್ಲಿ ಹುಟ್ಟಿದ ವಕೀಲರೊಬ್ಬರು ತಮ್ಮ ಪದವಿಯು ಹೋದ ದುಃಖವನ್ನು ಸಭೆಯ ಹಕ್ಕನ್ನು ಉಳಿಸುವ ಸಾಧನವಾಗಿ ಮಾರ್ಪಡಿಸಿದರು. ಮಠದ ಸಭೆಯಾಗಲಿ, ಊರಿನ ಚಾವಡಿಯಾಗಲಿ, ಒಬ್ಬನನ್ನು ಸ್ಥಾನದಿಂದ ಇಳಿಸುವ ಸಮಯ ಬಂದಾಗ, ಅವನನ್ನು ಸಭೆಯ ಮುಂದೆ ನಿಲ್ಲಿಸಿ ಕೇಳಿದ ತರುವಾಯವೇ ತೀರ್ಮಾನಿಸುವವರು ಬೊಮ್ಮಾಯಿಯವರ ನೆನಪಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿದವರಾಗುತ್ತಾರೆ.